4,29,49,67,297 ಎಂಬ ಸಂಖ್ಯೆ

ಚದುರಂಗದ ಮಣೆಯ ಮೊದಲನೆಯ ಮನೆಯಲ್ಲಿ ಒಂದು ಕಾಳು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು, ಹೀಗೆ ಮನೆಯಿಂದ ಮನೆಗೆ ಇಮ್ಮಡಿಸುತ್ತ ಕಾಳುಗಳನ್ನು ಕೊಡಬೇಕೆಂದು ರಾಜನನ್ನು ಬೇಡಿದ ಜಾಣನ ಕಥೆಯನ್ನು ವಾಚಕರು ಬಾಲ್ಯದಲ್ಲಿಯೇ ಕೇಳಿರಬಹುದು. ಮಣೆಯ ಅರ್ಧಭಾಗ ತುಂಬಿ 33ನೆಯ ಮನೆಗೆ ಬಂದಾಗ ಅಲ್ಲಿ ಇಡಬೇಕಾದ ಕಾಳುಗಳ ಸಂಖ್ಯೆಯು ಎರಡರ 32ನೆಯ ಘಾತ, ಎಂದರೆ 4,29,49,67,296. ಅದಕ್ಕೆ ಇನ್ನೂ ಒಂದು ಕಾಳನ್ನು ಸೇರಿಸಿದರೆ 4,29,49,67,297 ಆಗುತ್ತದೆ: ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು. ಈ ಒಂದು ಸಂಖ್ಯೆಯೇ ಪ್ರಸ್ತುತ ಲೇಖನದ ವಿಷಯ.

ಹತ್ತು ಅಂಕಿಗಳ ಈ ಸಂಖ್ಯೆಯು ಇಂದಿನ ಗಣಕಯಂತ್ರಗಳ ದೃಷ್ಟಿಯಲ್ಲಿ ಅಷ್ಟೇನೂ ದೊಡ್ಡದಲ್ಲ. ಆದರೂ ಸಂಖ್ಯಾಸಿದ್ಧಾಂತದ ಇತಿಹಾಸದಲ್ಲಿ ಇದಕ್ಕೆ ವಿಶಿಷ್ಟವಾದ ಸ್ಥಾನವಿದೆ. ಹದಿನೇಳನೆಯ ಶತಮಾನದ ಪ್ರತಿಭಾವಂತ ಗಣಿತಜ್ಞರಲ್ಲಿ ಒಬ್ಬನು ಇದರ ವಿಷಯದಲ್ಲಿ ತಪ್ಪಿದನು. ಆ ತಪ್ಪು ಬೆಳಕಿಗೆ ಬರಲು ತೊಂಬತ್ತೆರಡು ವರ್ಷಗಳು ಹಿಡಿದವು. ಆತನು ತಪ್ಪಿದ್ದೆಲ್ಲಿ, ಅದನ್ನು ತಿದ್ದಿದ ಬಗೆ ಯಾವುದು ಎಂಬುದನ್ನು ತಿಳಿದರೆ, ಸಾಕ್ಷ್ಯಕ್ಕೂ ಸಾಧನೆಗೂ ಇರುವ ಅಂತರವು ಸ್ಪಷ್ಟವಾಗುತ್ತದೆ. ಕೂಡುವುದು, ಗುಣಿಸುವುದು, ಭಾಗಿಸುವುದು ಇಷ್ಟನ್ನು ಬಲ್ಲ ವಿದ್ಯಾರ್ಥಿಯು ಕಾಗದ ಪೆನ್ಸಿಲುಗಳನ್ನು ಹಿಡಿದು ಇಲ್ಲಿಯ ಪ್ರತಿಯೊಂದು ಹೆಜ್ಜೆಯನ್ನೂ ತಾನೇ ಪರೀಕ್ಷಿಸಬಹುದು.

ಫರ್ಮಾನ ಊಹೆ

ಒಂದರಿಂದಲೂ ತನ್ನಿಂದಲೂ ಅಲ್ಲದೆ ಬೇರೆ ಯಾವ ಪೂರ್ಣಾಂಕದಿಂದಲೂ ನಿಶ್ಶೇಷವಾಗಿ ಭಾಗವಾಗದ, ಒಂದಕ್ಕಿಂತ ದೊಡ್ಡದಾದ ಪೂರ್ಣಾಂಕಕ್ಕೆ ಅವಿಭಾಜ್ಯ ಸಂಖ್ಯೆಯೆಂದು ಹೆಸರು. 2, 3, 5, 7, 11, 13 ಇವು ಅಂತಹವು. ಉಳಿದವು ಸಂಯುಕ್ತ ಸಂಖ್ಯೆಗಳು. ಅವಿಭಾಜ್ಯಗಳನ್ನು ಒಂದಾದಮೇಲೊಂದರಂತೆ ನೀಡುವ ಸುಲಭವಾದ ಸೂತ್ರವೊಂದು ದೊರೆಯಬಾರದೆ ಎಂಬ ಆಸೆ ಗಣಿತಜ್ಞರಿಗೆ ಬಹು ಹಿಂದಿನದು.

ಫ್ರಾನ್ಸಿನ ತೂಲೂಸ್ ನಗರದಲ್ಲಿ ನ್ಯಾಯಾಧಿಕಾರಿಯಾಗಿದ್ದ ಪಿಯರ್ ದ ಫರ್ಮಾ ವೃತ್ತಿಯಿಂದ ಗಣಿತಜ್ಞನಲ್ಲ. ಬಿಡುವಿನ ವೇಳೆಯಲ್ಲಿ ಆತನು ಕಂಡುಹಿಡಿದ ತತ್ತ್ವಗಳೇ ಇಂದಿನ ಸಂಖ್ಯಾಸಿದ್ಧಾಂತಕ್ಕೆ ತಳಹದಿಯಾಗಿವೆ. ಎರಡರ ಘಾತಕ್ಕೆ ಒಂದನ್ನು ಕೂಡಿದಾಗ ಅವಿಭಾಜ್ಯವು ಯಾವಾಗ ದೊರೆಯುತ್ತದೆಂಬ ಪ್ರಶ್ನೆಯನ್ನು ಆತನು ಎತ್ತಿಕೊಂಡನು. ಘಾತಸೂಚಿಗೆ ಒಂದಕ್ಕಿಂತ ದೊಡ್ಡದಾದ ಬೆಸ ಅಪವರ್ತನವಿದ್ದರೆ ಅವಿಭಾಜ್ಯವು ದೊರೆಯುವುದಿಲ್ಲ. ಉದಾಹರಣೆಗೆ 2⁶ + 1 ಎಂಬುದನ್ನು 4³ + 1 ಎಂದು ಬರೆಯಬಹುದು. ಯ³ + 1 ಯಾವಾಗಲೂ ಯ + 1 ರಿಂದ ಭಾಗವಾಗುವುದರಿಂದ, ಇದು 5ರಿಂದ ಭಾಗವಾಗಲೇಬೇಕು. 65ನ್ನು 5 ಭಾಗಿಸುತ್ತದೆಯಲ್ಲವೆ? ಆದುದರಿಂದ ಪರೀಕ್ಷೆಗೆ ಯೋಗ್ಯವಾಗಿ ಉಳಿಯುವ ಘಾತಸೂಚಿಗಳು 1, 2, 4, 8, 16, 32 ಮೊದಲಾದವು ಮಾತ್ರ. ಇವುಗಳಿಂದ ದೊರೆಯುವ ಸಂಖ್ಯೆಗಳು ಹೀಗಿವೆ:

2¹ + 1 = 3
2² + 1 = 5
2⁴ + 1 = 17
2⁸ + 1 = 257
2¹⁶ + 1 = 65,537
2³² + 1 = 4,29,49,67,297

ಇವುಗಳಿಗೂ ಇವುಗಳ ಮುಂದಿನವುಗಳಿಗೂ ಫರ್ಮಾ ಸಂಖ್ಯೆಗಳೆಂದು ಹೆಸರು. ಮೊದಲಿನ ಮೂರು ಅವಿಭಾಜ್ಯಗಳೆಂಬುದು ನೋಡಿದೊಡನೆಯೇ ತಿಳಿಯುತ್ತದೆ. 257ನ್ನು 2, 3, 5, 7, 11, 13 ಈ ಆರು ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕು. ಏಕೆಂದರೆ ಸಂಯುಕ್ತ ಸಂಖ್ಯೆಗೆ ತನ್ನ ವರ್ಗಮೂಲವನ್ನು ಮೀರದ ಅವಿಭಾಜ್ಯ ಅಪವರ್ತನವೊಂದು ಇರಲೇಬೇಕು. 65,537ರ ವರ್ಗಮೂಲವು 256ಕ್ಕಿಂತ ಸ್ವಲ್ಪ ಹೆಚ್ಚು. ಅಲ್ಲಿಯವರೆಗೆ 54 ಅವಿಭಾಜ್ಯಗಳಿವೆ. ಅವುಗಳಲ್ಲಿ ಯಾವುದೂ 65,537ನ್ನು ಭಾಗಿಸುವುದಿಲ್ಲ. ಹೀಗೆ ಐದೂ ಅವಿಭಾಜ್ಯಗಳೇ ಆದವು.

1640ರಲ್ಲಿ ಫರ್ಮಾ ತನ್ನ ಮಿತ್ರನಾದ ಫ್ರೆನಿಕ್ಲ್‌ಗೆ ಬರೆದ ಪತ್ರದಲ್ಲಿ, ಈ ಬಗೆಯ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳೆಂದು ತಾನು ನಂಬಿರುವುದಾಗಿ ತಿಳಿಸಿದನು. 1654ರಲ್ಲಿ ಪ್ಯಾಸ್ಕಲ್‌ಗೆ ಬರೆದಾಗಲೂ ಆ ನಂಬಿಕೆ ಸಡಿಲವಾಗಿರಲಿಲ್ಲ. ಪೂರ್ಣವಾದ ಸಾಧನೆಯು ಮಾತ್ರ ತನಗಿನ್ನೂ ದೊರೆತಿಲ್ಲವೆಂದು ಆತನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡನು.

ಐದು ಬಿಂದುಗಳ ಮೇಲಿನ ಸರಳರೇಖೆ

ಈ ನಂಬಿಕೆಯನ್ನು ಕಂಡು ಭೌತವಿಜ್ಞಾನದ ವಿದ್ಯಾರ್ಥಿಯು ನಗಬೇಕಾಗಿಲ್ಲ. ಪ್ರಯೋಗಶಾಲೆಯಲ್ಲಿ ನಾವು ಮಾಡುವುದೂ ಇದನ್ನೇ. ತೂಗುಹಾಕಿದ ಸ್ಪ್ರಿಂಗಿನ ತುದಿಗೆ ಒಂದೊಂದಾಗಿ ತೂಕಗಳನ್ನು ಸೇರಿಸುತ್ತೇವೆ. ಪ್ರತಿ ಸಲವೂ ಅದು ಎಷ್ಟು ಉದ್ದವಾಯಿತೆಂದು ಅಳೆಯುತ್ತೇವೆ. ಐದು ಬಿಂದುಗಳನ್ನು ಗುರುತಿಸಿ, ಅವು ಒಂದೇ ಸರಳರೇಖೆಯ ಮೇಲೆ ಬಿದ್ದುವೆಂದು ಸಂತೋಷಪಟ್ಟು ಹುಕ್‌ನ ನಿಯಮವನ್ನು ಬರೆದಿಡುತ್ತೇವೆ. ಆರನೆಯ ತೂಕವು ಸ್ಪ್ರಿಂಗಿನ ಸ್ಥಿತಿಸ್ಥಾಪಕತೆಯ ಮಿತಿಯನ್ನು ದಾಟಿಸಿದರೆ ಬಿಂದುವು ರೇಖೆಯನ್ನು ಬಿಟ್ಟು ಬೇರೆ ಕಡೆ ಬೀಳುತ್ತದೆ. ಆಗ ನಿಯಮವನ್ನು ಬಿಸಾಡುವುದಿಲ್ಲ. ಇಂತಿಷ್ಟು ತೂಕದವರೆಗೆ ಮಾತ್ರ ಅದು ಸಲ್ಲುತ್ತದೆಂದು ಅದಕ್ಕೊಂದು ಎಲ್ಲೆಯನ್ನು ಕಟ್ಟುತ್ತೇವೆ.

ಗಣಿತದಲ್ಲಿ ಈ ಸೌಕರ್ಯವಿಲ್ಲ. “ಎಲ್ಲವೂ ಅವಿಭಾಜ್ಯಗಳು” ಎಂಬ ವಾಕ್ಯದಲ್ಲಿ “ಎಲ್ಲ” ಎಂಬ ಪದವು ಅನಂತ ಸಂಖ್ಯೆಗಳನ್ನು ಒಳಗೊಂಡಿದೆ. ಐದು ಉದಾಹರಣೆಗಳು ಆ ವಾಕ್ಯವನ್ನು ಸ್ಥಾಪಿಸಲಾರವು. ವಿರುದ್ಧವಾದ ಒಂದೇ ಉದಾಹರಣೆಯು ಅದನ್ನು ಕೆಡವಬಲ್ಲದು. ಅಂತಹ ಉದಾಹರಣೆಯಿದೆಯೆ ಎಂದು ತಿಳಿಯಲು ಆರನೆಯ ಸಂಖ್ಯೆಯನ್ನೇ ಪರೀಕ್ಷಿಸಬೇಕಾಯಿತು. ಇದರ ವರ್ಗಮೂಲವು 65,536ಕ್ಕಿಂತ ಅತ್ಯಲ್ಪ ಹೆಚ್ಚು. ಅಲ್ಲಿಯವರೆಗೆ ಇರುವ ಅವಿಭಾಜ್ಯಗಳು 6,542. ಅಷ್ಟೂ ಭಾಗಾಕಾರಗಳನ್ನು ಕೈಯಿಂದ ಮಾಡಲು ಯಾರಿಗೆ ತಾಳ್ಮೆಯಿದ್ದೀತು!

ಆಯ್ಲರ್ ಕಂಡ ಅಪವರ್ತನ

1729ರಲ್ಲಿ ಗೋಲ್ಡ್‌ಬಾಖ್ ಎಂಬ ಗಣಿತಜ್ಞನು, ಫರ್ಮಾನ ಈ ಮಾತನ್ನು ಬಲ್ಲಿರಾ ಎಂದು ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿದ್ದ ತರುಣ ಆಯ್ಲರ್‌ಗೆ ಪತ್ರ ಬರೆದು ಕೇಳಿದನು. 1732ರಲ್ಲಿ ಆಯ್ಲರನ ಉತ್ತರವು ಸಿದ್ಧವಾಯಿತು:

4,29,49,67,297 = 641 × 67,00,417

ಆರನೆಯ ಸಂಖ್ಯೆಯು ಅವಿಭಾಜ್ಯವಲ್ಲ. ಆಗ ಆಯ್ಲರನ ವಯಸ್ಸು ಇಪ್ಪತ್ತೈದು. ಅವಿಭಾಜ್ಯಗಳ ಪಟ್ಟಿಯಲ್ಲಿ 641 ನೂರ ಹದಿನಾರನೆಯದು. ಒಂದೊಂದಾಗಿ ಭಾಗಿಸುತ್ತ ಹೋಗಿದ್ದರೂ ನೂರ ಹದಿನಾರನೆಯ ಭಾಗಾಕಾರದಲ್ಲಿ ಇದು ಸಿಕ್ಕಿಬಿಡುತ್ತಿತ್ತು. ಆದರೆ ಅಷ್ಟು ದೂರವೂ ನಡೆಯಬೇಕಾಗಿಲ್ಲ. ಇದಕ್ಕೊಂದು ಹತ್ತಿರದ ದಾರಿಯಿದೆ. ಆ ದಾರಿಯನ್ನು ತೆರೆಯುವ ಪ್ರಮೇಯವೂ ಫರ್ಮಾನದೇ ಎಂಬುದು ಈ ಕಥೆಯ ವೈಚಿತ್ರ್ಯ.

ಶೇಷಗಳ ಆವರ್ತನೆ

ಎರಡರ ಘಾತಗಳನ್ನು ಕ್ರಮವಾಗಿ 17ರಿಂದ ಭಾಗಿಸಿ ಶೇಷಗಳನ್ನು ಬರೆಯೋಣ: 2, 4, 8, 16, 15, 13, 9, 1. ಎಂಟನೆಯ ಘಾತದಲ್ಲಿ ಶೇಷವು 1 ಆದೊಡನೆ ಮತ್ತೆ 2, 4, 8 ಎಂದು ಅದೇ ಸಾಲು ಮರುಕಳಿಸುತ್ತದೆ. ಇದನ್ನು ಶೇಷಗಳ ಆವರ್ತನೆಯೆಂದು ಕರೆಯೋಣ. ಇಲ್ಲಿ ಅದರ ಉದ್ದ 8. 7ರಿಂದ ಭಾಗಿಸಿದರೆ ಶೇಷಗಳು 2, 4, 1. ಆವರ್ತನೆಯ ಉದ್ದ 3.

ಪ ಎಂಬುದು 2ನ್ನುಳಿದು ಬೇರೆ ಯಾವ ಅವಿಭಾಜ್ಯವಾದರೂ ಆಗಿರಲಿ, 2ರ (ಪ − 1)ನೆಯ ಘಾತವನ್ನು ಪ ಎಂಬುದರಿಂದ ಭಾಗಿಸಿದಾಗ ಶೇಷವು 1 ಆಗಿರುತ್ತದೆ. ಇದು ಫರ್ಮಾನ ಪ್ರಸಿದ್ಧವಾದ ಪ್ರಮೇಯದ ಒಂದು ರೂಪ. ಆದುದರಿಂದ ಆವರ್ತನೆಯ ಉದ್ದವು ಪ − 1 ಎಂಬುದನ್ನು ನಿಶ್ಶೇಷವಾಗಿ ಭಾಗಿಸಲೇಬೇಕು. ಮೇಲಿನ ಉದಾಹರಣೆಗಳಲ್ಲಿ 8 ಎಂಬುದು 16ನ್ನೂ, 3 ಎಂಬುದು 6ನ್ನೂ ಭಾಗಿಸುವುದನ್ನು ಗಮನಿಸಿರಿ.

ಈಗ 2³² + 1 ಎಂಬುದನ್ನು ಪ ಎಂಬ ಅವಿಭಾಜ್ಯವು ಭಾಗಿಸುತ್ತದೆಂದು ಭಾವಿಸೋಣ. ಹಾಗಾದರೆ 2³² ಎಂಬುದನ್ನು ಪ ಎಂಬುದರಿಂದ ಭಾಗಿಸಿದಾಗ ಶೇಷವು ಪ − 1 ಆಗಿರಬೇಕು. ಇದರ ವರ್ಗವು ಪ² − 2ಪ + 1. ಇದನ್ನು ಪ ಎಂಬುದರಿಂದ ಭಾಗಿಸಿದರೆ ಶೇಷ 1. ಎಂದರೆ 2⁶⁴ರ ಶೇಷವು 1. ಆದುದರಿಂದ ಆವರ್ತನೆಯ ಉದ್ದವು 64ನ್ನು ಭಾಗಿಸುವ ಸಂಖ್ಯೆ. ಅದು 1, 2, 4, 8, 16, 32, 64 ಇವುಗಳಲ್ಲಿ ಒಂದಾಗಿರಬೇಕು. 64ನ್ನು ಬಿಟ್ಟು ಉಳಿದವುಗಳಲ್ಲಿ ಯಾವುದಾಗಿದ್ದರೂ ಅದು 32ನ್ನೂ ಭಾಗಿಸುತ್ತಿತ್ತು, ಆಗ 2³²ರ ಶೇಷವು 1 ಆಗುತ್ತಿತ್ತು. ಅದು 1 ಅಲ್ಲ, ಪ − 1 ಎಂದು ಈಗಾಗಲೇ ಕಂಡಿದ್ದೇವೆ. ಹೀಗಿರಲು ಆವರ್ತನೆಯ ಉದ್ದವು 64 ಅಲ್ಲದೆ ಬೇರೆಯಲ್ಲ. 64 ಎಂಬುದು ಪ − 1 ಎಂಬುದನ್ನು ಭಾಗಿಸಲೇಬೇಕು.

ನಮ್ಮ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳನ್ನು ಇನ್ನು ಎಲ್ಲೆಲ್ಲಿಯೋ ಹುಡುಕಬೇಕಾಗಿಲ್ಲ. 64ರ ಗುಣಕಕ್ಕೆ ಒಂದನ್ನು ಕೂಡಿದಾಗ ಬರುವ ಸಂಖ್ಯೆಗಳನ್ನು ಮಾತ್ರ ನೋಡಿದರೆ ಸಾಕು: 65, 129, 193, 257, 321, 385, 449, 513, 577, 641. ಇವುಗಳಲ್ಲಿ ಅವಿಭಾಜ್ಯಗಳು ಐದು ಮಾತ್ರ. ನಮ್ಮ ಸಂಖ್ಯೆಯನ್ನು ಅವುಗಳಿಂದ ಭಾಗಿಸಿದಾಗ ಬರುವ ಶೇಷಗಳು ಇವು:

193 : ಶೇಷ 109
257 : ಶೇಷ 2
449 : ಶೇಷ 325
577 : ಶೇಷ 288
641 : ಶೇಷ 0

ಐದನೆಯ ಪ್ರಯತ್ನದಲ್ಲಿಯೇ ಬಾಗಿಲು ತೆರೆಯಿತು. ಶೇಷಗಳನ್ನು ಕಾಣಲು ಹತ್ತು ಅಂಕಿಗಳ ಭಾಗಾಕಾರವೂ ಬೇಕಾಗಿಲ್ಲ. 641ನ್ನೇ ತೆಗೆದುಕೊಳ್ಳಿ. 2⁸ = 256. ಇದರ ವರ್ಗವು 65,536. 641ರಿಂದ ಭಾಗಿಸಿದರೆ ಶೇಷ 154. ಇದು 2¹⁶ರ ಶೇಷ. 154ರ ವರ್ಗವು 23,716. ಇದನ್ನು ಭಾಗಿಸಿದರೆ ಶೇಷ 640. ಇದು 2³²ರ ಶೇಷ. ಇದಕ್ಕೆ ಒಂದನ್ನು ಕೂಡಿದರೆ 641 ಆಯಿತು. ಎಂದರೆ ಶೇಷವು ಸೊನ್ನೆ. ಎರಡು ವರ್ಗಗಳು, ಎರಡು ಸಣ್ಣ ಭಾಗಾಕಾರಗಳು, ಇಷ್ಟೇ ಕೆಲಸ.

ಫರ್ಮಾ ತನ್ನ ಪ್ರಮೇಯವನ್ನು ಫ್ರೆನಿಕ್ಲ್‌ಗೆ ತಿಳಿಸಿದ್ದೂ ಅದೇ 1640ರಲ್ಲಿ. ಅದೇ ವರ್ಷ ಇಂತಹ ಮಾರ್ಗದಿಂದಲೇ 2³⁷ − 1 ಎಂಬ ಇನ್ನೂ ದೊಡ್ಡ ಸಂಖ್ಯೆಗೆ 223 ಎಂಬ ಅಪವರ್ತನವನ್ನು ಆತನು ಕಂಡುಹಿಡಿದಿದ್ದನು. ಆಯುಧವು ಕೈಯಲ್ಲಿಯೇ ಇತ್ತು. ತನ್ನ ಊಹೆಯನ್ನು ಅದರಿಂದ ಕಟ್ಟುನಿಟ್ಟಾಗಿ ಪರೀಕ್ಷಿಸಿದ್ದರೆ ತಪ್ಪು ಅಂದೇ ಆತನಿಗೆ ಕಾಣುತ್ತಿತ್ತು.

ಭಾಗಾಕಾರವಿಲ್ಲದ ಸಾಧನೆ

641 ಎಂಬುದು ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆಂಬುದನ್ನು ಭಾಗಾಕಾರವನ್ನೇ ಮಾಡದೆ ತೋರಿಸುವ ಸೊಗಸಾದ ಸಾಧನೆಯೊಂದಿದೆ. 641ನ್ನು ಎರಡು ಬಗೆಯಾಗಿ ಬರೆಯಬಹುದು:

641 = 625 + 16 = 5⁴ + 2⁴
641 = 640 + 1 = 5 × 2⁷ + 1

ಮೊದಲನೆಯದನ್ನು 2²⁸ರಿಂದ ಗುಣಿಸಿದರೆ 5⁴ × 2²⁸ + 2³² ಬರುತ್ತದೆ. ಇದು 641ರ ಗುಣಕ. ಇನ್ನು 5⁴ × 2²⁸ ಎಂಬುದು 5 × 2⁷, ಎಂದರೆ 640, ಇದರ ನಾಲ್ಕನೆಯ ಘಾತ. ಯ⁴ − 1 ಎಂಬುದು ಯ + 1 ರಿಂದ ಭಾಗವಾಗುವುದರಿಂದ 640⁴ − 1, ಎಂದರೆ 5⁴ × 2²⁸ − 1, ಕೂಡ 641ರ ಗುಣಕವೇ. ಎರಡು ಗುಣಕಗಳ ವ್ಯತ್ಯಾಸವೂ ಗುಣಕವೇ ಆಗಿರಬೇಕಷ್ಟೆ. ಮೊದಲಿನದರಿಂದ ಎರಡನೆಯದನ್ನು ಕಳೆದರೆ ಉಳಿಯುವುದು 2³² + 1. ಸಾಧನೆಯು ಮುಗಿಯಿತು.

ಇನ್ನೊಂದು ಅಪವರ್ತನವಾದ 67,00,417 ಅವಿಭಾಜ್ಯವೆ? ಇದರ ವರ್ಗಮೂಲವು ಸುಮಾರು 2,588. ಅಲ್ಲಿಯವರೆಗೆ 370ಕ್ಕೂ ಹೆಚ್ಚು ಅವಿಭಾಜ್ಯಗಳಿವೆ. ಆದರೆ ಇದರ ಅಪವರ್ತನವು ನಮ್ಮ ದೊಡ್ಡ ಸಂಖ್ಯೆಗೂ ಅಪವರ್ತನವಾದುದರಿಂದ ಅದೂ 64ರ ಗುಣಕಕ್ಕಿಂತ ಒಂದು ಹೆಚ್ಚಾಗಿರಲೇಬೇಕು. 641ಕ್ಕಿಂತ ಚಿಕ್ಕವು ಆಗಲೇ ಸೋತಿವೆ. ಉಳಿದವು ಏಳು: 641, 769, 1153, 1217, 1409, 1601, 2113. ಇವುಗಳಿಂದ ಭಾಗಿಸಿದಾಗ ಶೇಷಗಳು ಕ್ರಮವಾಗಿ 44, 120, 334, 832, 622, 232, 94. ಯಾವುದೂ ಸೊನ್ನೆಯಲ್ಲ. ಆದುದರಿಂದ 67,00,417 ಅವಿಭಾಜ್ಯವೇ ಸರಿ. ನಮ್ಮ ಸಂಖ್ಯೆಗೆ ಎರಡೇ ಅವಿಭಾಜ್ಯ ಅಪವರ್ತನಗಳು.

ಅರ್ಧ ಮಣೆಯ ಕಾಳುಗಳು

ಚದುರಂಗದ ಮಣೆಯ ಮೊದಲಿನ 32 ಮನೆಗಳ ಕಾಳುಗಳನ್ನೆಲ್ಲ ಒಟ್ಟುಗೂಡಿಸಿದರೆ 2³² − 1, ಎಂದರೆ 4,29,49,67,295 ಆಗುತ್ತದೆ. ಇದು ನಮ್ಮ ಸಂಖ್ಯೆಗಿಂತ ಎರಡು ಮಾತ್ರ ಕಡಮೆ. ಇದರ ಅಪವರ್ತನಗಳು ಯಾವುವು?

4,29,49,67,295 = 3 × 5 × 17 × 257 × 65,537

ಹಿಂದಿನ ಐದು ಫರ್ಮಾ ಸಂಖ್ಯೆಗಳ ಗುಣಲಬ್ಧವೇ ಇದು. ಪ್ರತಿಯೊಂದು ಫರ್ಮಾ ಸಂಖ್ಯೆಯೂ ತನ್ನ ಹಿಂದಿನವೆಲ್ಲವುಗಳ ಗುಣಲಬ್ಧಕ್ಕಿಂತ ಎರಡು ಹೆಚ್ಚಾಗಿರುತ್ತದೆ. ಇದರಿಂದ, ಎರಡು ಫರ್ಮಾ ಸಂಖ್ಯೆಗಳಿಗೆ ಸಾಮಾನ್ಯವಾದ ಅವಿಭಾಜ್ಯ ಅಪವರ್ತನವಿದ್ದರೆ ಅದು ಈ ವ್ಯತ್ಯಾಸವಾದ ಎರಡನ್ನೂ ಭಾಗಿಸಬೇಕಾಗುತ್ತದೆ. ಬೆಸ ಸಂಖ್ಯೆಗಳಲ್ಲಿ ಅದು ಅಸಾಧ್ಯ. ಹೀಗೆ ಪ್ರತಿ ಫರ್ಮಾ ಸಂಖ್ಯೆಯೂ ಬೇರೆಲ್ಲಿಯೂ ಬಾರದ ಅವಿಭಾಜ್ಯವನ್ನು ತನ್ನೊಡನೆ ತರುತ್ತದೆ. ಅವಿಭಾಜ್ಯಗಳು ಅನಂತವೆಂಬುದಕ್ಕೆ ಇದೂ ಒಂದು ಸಾಧನೆಯಾಯಿತು. ಫರ್ಮಾನ ಊಹೆ ಸುಳ್ಳಾದರೂ ಆತನ ಸಂಖ್ಯೆಗಳು ಬರಿದಾಗಲಿಲ್ಲ.

1796ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದಿದ್ದ ಜರ್ಮನಿಯ ಗೌಸ್ ಎಂಬ ತರುಣನು, ಗುರುತುಗಳಿಲ್ಲದ ಅಂಚುಪಟ್ಟಿ ಮತ್ತು ಕೈವಾರಗಳಿಂದ ಹದಿನೇಳು ಭುಜಗಳ ಕ್ರಮ ಬಹುಭುಜವನ್ನು ರಚಿಸಬಹುದೆಂದು ತೋರಿಸಿದನು. ಗ್ರೀಕರ ಕಾಲದಿಂದ ಯಾರಿಗೂ ದಕ್ಕದಿದ್ದ ಫಲಿತವಿದು. ಭುಜಗಳ ಸಂಖ್ಯೆಯು ಒಂದು ಅವಿಭಾಜ್ಯ ಫರ್ಮಾ ಸಂಖ್ಯೆಯಾಗಿದ್ದರೆ, ಅಥವಾ ಒಂದಕ್ಕೊಂದು ಬೇರೆಯಾದ ಅಂತಹ ಸಂಖ್ಯೆಗಳ ಗುಣಲಬ್ಧವಾಗಿದ್ದರೆ, ರಚನೆಯು ಸಾಧ್ಯ. ಭುಜಗಳ ಸಂಖ್ಯೆ ಬೆಸವಾದಾಗ ಬೇರೆ ಯಾವುದೂ ಸಾಧ್ಯವಿಲ್ಲವೆಂಬುದನ್ನು 1837ರಲ್ಲಿ ವಾಂಟ್ಸೆಲ್ ಸಾಧಿಸಿದನು. ತಿಳಿದಿರುವ ಐದು ಅವಿಭಾಜ್ಯ ಫರ್ಮಾ ಸಂಖ್ಯೆಗಳಿಂದ ಇಂತಹ 31 ಬೆಸ ಬಹುಭುಜಗಳು ದೊರೆಯುತ್ತವೆ. ಅವುಗಳಲ್ಲಿ ಅತ್ಯಂತ ದೊಡ್ಡದರ ಭುಜಗಳು 4,29,49,67,295. ಫರ್ಮಾನ ಊಹೆ ನಿಜವಾಗಿದ್ದರೆ ಈ ಪಟ್ಟಿಗೆ ಕೊನೆಯೇ ಇರುತ್ತಿರಲಿಲ್ಲ. 641 ಎಂಬ ಸಣ್ಣ ಸಂಖ್ಯೆಯು ಆರನೆಯ ಮೆಟ್ಟಿಲನ್ನು ಕಿತ್ತುಹಾಕಿತು.

ಅನಂತರದ ಸಂಖ್ಯೆಗಳು

ಏಳನೆಯ ಸಂಖ್ಯೆಯಾದ 2⁶⁴ + 1 ಇಪ್ಪತ್ತು ಅಂಕಿಗಳದು. ಇದನ್ನು 2,74,177 ಎಂಬ ಅವಿಭಾಜ್ಯವು ಭಾಗಿಸುತ್ತದೆಂದು 1880ರಲ್ಲಿ ಫ್ರಾನ್ಸಿನ ಲಾಂಡ್ರಿ ಕಂಡುಹಿಡಿದನು. 1877ರಲ್ಲಿ ಪೆಪಾಂ ಎಂಬುವನು ಇನ್ನೊಂದು ಪರೀಕ್ಷೆಯನ್ನು ಕೊಟ್ಟಿದ್ದನು. 3ನ್ನು ಮೀರಿದ ಫರ್ಮಾ ಸಂಖ್ಯೆಯೊಂದರಿಂದ ಒಂದನ್ನು ಕಳೆದು ಅರ್ಧಮಾಡಿ, ಮೂರನ್ನು ಅಷ್ಟು ಘಾತಕ್ಕೆ ಏರಿಸಬೇಕು. ಅದನ್ನು ಆ ಫರ್ಮಾ ಸಂಖ್ಯೆಯಿಂದ ಭಾಗಿಸಿದಾಗ ಶೇಷವು ಭಾಜಕಕ್ಕಿಂತ ಒಂದು ಮಾತ್ರ ಕಡಮೆಯಾಗಿದ್ದರೆ ಅದು ಅವಿಭಾಜ್ಯ, ಇಲ್ಲದಿದ್ದರೆ ಸಂಯುಕ್ತ. ಒಂದು ಅಪವರ್ತನವನ್ನೂ ಕಾಣದೆಯೇ ಸಂಖ್ಯೆಯು ಸಂಯುಕ್ತವೆಂದು ಸಾರುವ ಪರೀಕ್ಷೆಯಿದು. ಘಾತಸೂಚಿಯು 2²⁰ ಮತ್ತು 2²⁴ ಆಗಿರುವ ಫರ್ಮಾ ಸಂಖ್ಯೆಗಳು ಸಂಯುಕ್ತಗಳೆಂದು ಗಣಕಯಂತ್ರಗಳಿಂದ ಹೀಗೆಯೇ ತಿಳಿದಿದ್ದರೂ, ಅವುಗಳ ಒಂದು ಅಪವರ್ತನವೂ ಈವರೆಗೆ ಕೈಗೆ ಸಿಕ್ಕಿಲ್ಲ.

ಘಾತಸೂಚಿಯು 2⁵ರಿಂದ 2³²ರವರೆಗಿನ ಇಪ್ಪತ್ತೆಂಟು ಫರ್ಮಾ ಸಂಖ್ಯೆಗಳೂ ಸಂಯುಕ್ತಗಳೆಂದು ಈಗ ತಿಳಿದಿದೆ. ಅದರ ಮುಂದಿನದು 258 ಕೋಟಿಗೂ ಹೆಚ್ಚು ಅಂಕಿಗಳ ಸಂಖ್ಯೆ. ಅದರ ವಿಷಯವು ಇನ್ನೂ ತೀರ್ಮಾನವಾಗಿಲ್ಲ. 65,537ರ ಅನಂತರ ಅವಿಭಾಜ್ಯವಾದ ಫರ್ಮಾ ಸಂಖ್ಯೆ ಒಂದೂ ಸಿಕ್ಕಿಲ್ಲ.

ಹಾಗಾದರೆ ಇನ್ನು ಮುಂದಿನವೆಲ್ಲ ಸಂಯುಕ್ತಗಳೇ ಎಂದು ಹೇಳಿಬಿಡೋಣವೆ? ಅನೇಕ ಗಣಿತಜ್ಞರು ಹಾಗೆಂದೇ ಊಹಿಸುತ್ತಾರೆ. ಆದರೆ ಅದನ್ನು ಯಾರೂ ಸಾಧಿಸಿಲ್ಲ. ಐದು ಸಾಕ್ಷ್ಯಗಳಿಂದ “ಎಲ್ಲವೂ ಅವಿಭಾಜ್ಯ” ಎಂದವನು ತಪ್ಪಿದನೆಂದು ಕಂಡ ನಾವು, ಇಪ್ಪತ್ತೆಂಟು ಸಾಕ್ಷ್ಯಗಳಿಂದ “ಉಳಿದೆಲ್ಲವೂ ಸಂಯುಕ್ತ” ಎಂದರೆ ಅದೇ ಹಳ್ಳಕ್ಕೆ ಇನ್ನೊಂದು ದಡದಿಂದ ಬಿದ್ದಂತಾಗುತ್ತದೆ. ಊಹೆಯನ್ನು ಊಹೆಯೆಂದೇ ಕರೆದು, ಸಾಧನೆಗಾಗಿ ಕಾಯುವುದು ಗಣಿತದ ಶಿಸ್ತು. ಸಾಧನೆಯು ದೊರೆತಿಲ್ಲವೆಂದು ಪ್ಯಾಸ್ಕಲ್‌ಗೆ ಬರೆದ ಫರ್ಮಾ ಆ ಶಿಸ್ತನ್ನು ಅರಿತವನೇ. ನಂಬಿಕೆಯ ಭರದಲ್ಲಿ ಆತನು ಮರೆತದ್ದು ಪರೀಕ್ಷೆಯನ್ನು ಮಾತ್ರ.

ಅಭ್ಯಾಸಕ್ಕಾಗಿ

ಆಸಕ್ತ ವಿದ್ಯಾರ್ಥಿಗಳು ಈ ಮೂರನ್ನು ಪ್ರಯತ್ನಿಸಬಹುದು. (1) 17ರಿಂದ ಮೊದಲುಗೊಂಡು ಮುಂದಿನ ಎಲ್ಲ ಫರ್ಮಾ ಸಂಖ್ಯೆಗಳ ಕೊನೆಯ ಅಂಕಿಯೂ 7 ಆಗಿರುತ್ತದೆ, ಏಕೆ? (2) 2⁸ಕ್ಕಿಂತ 257 ಒಂದೇ ಹೆಚ್ಚೆಂಬುದನ್ನು ಬಳಸಿ, ನಮ್ಮ ಸಂಖ್ಯೆಯನ್ನು 257ರಿಂದ ಭಾಗಿಸಿದರೆ ಶೇಷವು 2 ಎಂಬುದನ್ನು ಭಾಗಾಕಾರವಿಲ್ಲದೆ ತೋರಿಸಿರಿ. (3) ಮೇಲಿನ ವಾದವನ್ನೇ ಅನುಸರಿಸಿ, 2⁶⁴ + 1 ರ ಪ್ರತಿ ಅವಿಭಾಜ್ಯ ಅಪವರ್ತನವೂ 128ರ ಗುಣಕಕ್ಕಿಂತ ಒಂದು ಹೆಚ್ಚಾಗಿರಬೇಕೆಂದು ಸಾಧಿಸಿ, ಲಾಂಡ್ರಿಯ 2,74,177 ಈ ನಿಯಮಕ್ಕೆ ಒಳಪಡುವುದೇ ಎಂದು ಪರೀಕ್ಷಿಸಿರಿ.